ಓಕುಳಿ ಬಣ್ಣದ ಮಾತ್ರೆ

ಪ್ರಶ್ನೆ: ನಮ್ಮ ಅತ್ತೆಗೆ 62 ವರ್ಷ. ಎರಡು ತಿಂಗಳಾದರೂ ಕೆಮ್ಮು ಬಿಡಲಿಲ್ಲ. ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಅಂತ ಬಂತು. ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಕೊಟ್ಟಿದ್ದಾರೆ, ದಿನಾ ಬೆಳಿಗ್ಗೆ ಮೂರು. ಮೊದಲ ದಿನವೇ ಮೂತ್ರ ಓಕುಳಿ ನೀರಿನ ಹಾಗೆ ಹೋಯಿತು. ರಕ್ತ ಹೋಗುತ್ತಿದೆ ಅಂತ ಹೆದರಿ ಎರಡು ದಿನದ ಮಾತ್ರೆಯನ್ನು ನುಂಗದೆ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ಆಶಾ ಕಾರ್ಯಕರ್ತೆ 'ಅದು ಮಾತ್ರೆಯ ಬಣ್ಣ ಅಷ್ಟೆ' ಅನ್ನುತ್ತಾರೆ. ಮಾತ್ರೆಗೆ ಅಷ್ಟು ಬಣ್ಣ ಯಾಕೆ? ಬಣ್ಣ ಇಲ್ಲದ ಬೇರೆ ಮಾತ್ರೆ ಇಲ್ಲವೇ? ಕೆಮ್ಮು ನಿಂತ ಮೇಲೂ ಆರು ತಿಂಗಳು ನುಂಗಲೇಬೇಕೇ? ಅವರಿಗೆ ಸಕ್ಕರೆ ಕಾಯಿಲೆಯೂ ಇದೆ.
— ಓದುಗರೊಬ್ಬರು, ತುಮಕೂರು ಜಿಲ್ಲೆ

ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಆಶಾ ಕಾರ್ಯಕರ್ತೆ ಹೇಳಿದ್ದು ನಿಜ. ಅದು ರಕ್ತವಲ್ಲ. ಆ ಮೂರು ಮಾತ್ರೆಗಳಲ್ಲಿ ಒಂದೊಂದರಲ್ಲೂ ನಾಲ್ಕು ಔಷಧಿಗಳು ಸೇರಿವೆ. ಅವುಗಳಲ್ಲಿ ಒಂದು ರಿಫಾಂಪಿಸಿನ್. ಅದನ್ನು ಪುಡಿಯಾಗಿ ನೋಡಿದರೆ ಇಟ್ಟಿಗೆ ಪುಡಿಯ ಬಣ್ಣ. ಹೊಟ್ಟೆ ಸೇರಿದ ಎರಡು ಗಂಟೆಯ ಹೊತ್ತಿಗೆ ರಕ್ತದಲ್ಲಿ ತುಂಬಿಕೊಳ್ಳುತ್ತದೆ, ಶ್ವಾಸಕೋಶಕ್ಕೆ ಹೋಗುತ್ತದೆ, ಮಿದುಳಿನ ಪೊರೆಯ ತನಕವೂ ಹೋಗುತ್ತದೆ. ಕೆಲಸ ಮುಗಿದದ್ದರಲ್ಲಿ ಹೆಚ್ಚು ಪಾಲು ಪಿತ್ತದ ಜೊತೆ ಮಲದಲ್ಲಿ, ಉಳಿದದ್ದು ಮೂತ್ರದಲ್ಲಿ ಹೊರಗೆ ಬರುತ್ತದೆ. ಮಾತ್ರೆ ನುಂಗಿದ ಕೆಲವು ಗಂಟೆ ಮೂತ್ರ ಗಾಢ ಕಿತ್ತಳೆ ಕೆಂಪು, ರಾತ್ರಿಯ ಹೊತ್ತಿಗೆ ತಿಳಿಯಾಗುತ್ತದೆ, ಮರುದಿನ ಮಾತ್ರೆ ನುಂಗಿದ ಮೇಲೆ ಮತ್ತೆ ಕೆಂಪು. ಬೆವರು, ಉಗುಳು, ಕಣ್ಣೀರಿಗೂ ಒಂದಿಷ್ಟು ಬಣ್ಣ ಇಳಿಯಬಹುದು. ಬಿಳಿ ಬಟ್ಟೆಯ ಕಂಕುಳಲ್ಲಿ ಕಲೆ ಕಂಡರೆ ಗಾಬರಿಯಾಗಬೇಡಿ. ಕಣ್ಣಿನೊಳಗೆ ಲೆನ್ಸ್ ಹಾಕಿಕೊಳ್ಳುವವರು ಮಾತ್ರ ಈ ಆರು ತಿಂಗಳು ಕನ್ನಡಕ ಹಾಕಿಕೊಳ್ಳುವುದು ಮೇಲು, ಲೆನ್ಸಿಗೆ ಹಿಡಿದ ಬಣ್ಣ ಹೋಗುವುದಿಲ್ಲ.

ಹೆದರಬೇಕಾದ ಬಣ್ಣ ಬೇರೆ ಇದೆ, ಅದು ಮೂತ್ರದಲ್ಲಲ್ಲ, ಕಣ್ಣಿನ ಬಿಳಿಯಲ್ಲಿ. ಕಣ್ಣು ಹಳದಿಯಾದರೆ, ಊಟ ಪೂರ್ತಿ ಸೇರದೆ ವಾಂತಿ ಬರುತ್ತಿದ್ದರೆ, ಬಲ ಪಕ್ಕೆಯ ಕೆಳಗೆ ನೋವಿದ್ದರೆ ಅದು ಕಾಮಾಲೆಯ ಸುಳಿವು. ಮಾತ್ರೆಯಲ್ಲಿರುವ ನಾಲ್ಕು ಔಷಧಿಗಳಲ್ಲಿ ಮೂರು ಯಕೃತ್ತಿಗೆ ಭಾರ ಹೊರಿಸುವಂಥವು. ಆಗ ನಾಳೆ ನೋಡೋಣ ಅನ್ನದೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಇನ್ನು ಸೆರಗಿನ ಗಂಟಿನಲ್ಲಿ ಉಳಿದ ಎರಡು ದಿನದ ಮಾತ್ರೆಯ ವಿಷಯ ಆಶಾ ಕಾರ್ಯಕರ್ತೆಗೆ ಮುಚ್ಚಿಡದೆ ಹೇಳಿ. ತಪ್ಪಿದ್ದನ್ನು ಸರಿದೂಗಿಸಲು ಒಂದೇ ದಿನ ಎರಡು ಪಾಲು ನುಂಗಿಸಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಣ್ಣ ಯಾಕೆ? ನೀವು ಇದನ್ನು ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು, ಏಕೆಂದರೆ ಈ ಔಷಧಿಯ ಪೂರ್ತಿ ಕಥೆ ಆ ಬಣ್ಣದೊಳಗೇ ಇದೆ. ಕೆಲವು ಮಾತ್ರೆಗಳಿಗೆ ಗುರುತು ಸಿಗಲೆಂದು ಕಂಪನಿಯವರು ಬಣ್ಣ ಬಳಿದಿರುತ್ತಾರೆ. ಇದು ಹಾಗಲ್ಲ. ರಿಫಾಂಪಿಸಿನ್ನಿನ ಅಣುವಿನ ನಡುವೆ ಚಪ್ಪಟೆಯಾದ ಜೋಡಿ ಉಂಗುರವೊಂದಿದೆ. ಬೆಳಕಿನ ನೀಲಿ ಪಾಲನ್ನು ಅದು ಹೀರಿಕೊಳ್ಳುವುದರಿಂದ ನಮ್ಮ ಕಣ್ಣಿಗೆ ಕೆಂಪು ಕಿತ್ತಳೆ ಕಾಣುತ್ತದೆ. ಆ ಉಂಗುರದ ಒಂದು ಬದಿಯಿಂದ ಇನ್ನೊಂದು ಬದಿಗೆ, ಬಕೀಟಿಗೆ ಹಿಡಿಕೆ ಇರುವ ಹಾಗೆ, ಉದ್ದನೆಯ ಸರಪಳಿ ಬಾಗಿ ಬಂದಿದೆ. ಲ್ಯಾಟಿನ್ನಿನಲ್ಲಿ ಹಿಡಿಕೆಗೆ 'ಆನ್ಸಾ' ಎನ್ನುತ್ತಾರೆ, ಅದರಿಂದ ಇಂಥ ಔಷಧಿಗಳಿಗೆ ಆನ್ಸಾಮೈಸಿನ್ ಎಂಬ ಹೆಸರು. ಜ್ಯೂರಿಕ್ಕಿನ ವ್ಲಾದಿಮಿರ್ ಪ್ರೆಲೋಗ್ 1960ರ ದಶಕದಲ್ಲಿ ಈ ಹಿಡಿಕೆಯ ಆಕಾರವನ್ನು ಬಿಡಿಸಿ ತೋರಿಸಿದರು. 1975ರಲ್ಲಿ ನೊಬೆಲ್ ಪಡೆದ ರಸಾಯನ ವಿಜ್ಞಾನಿ ಅವರು. ರೋಗಾಣುವನ್ನು ಹಿಡಿಯುವ ಕೊಂಡಿಗಳಲ್ಲಿ ಕೆಲವು ಬಣ್ಣದ ಉಂಗುರದ ಮೇಲೆ, ಕೆಲವು ಹಿಡಿಕೆಯ ಮೇಲೆ ಇವೆ. ಉಂಗುರ ತೆಗೆದರೆ ಬಣ್ಣ ಹೋಗುತ್ತದೆ, ಜೊತೆಗೆ ಮದ್ದಿನ ಗುಣವೂ ಹೋಗುತ್ತದೆ. ಬಣ್ಣವಿಲ್ಲದ ರಿಫಾಂಪಿಸಿನ್ ಇಲ್ಲದಿರುವುದು ಇದಕ್ಕೇ.

ರೋಗಾಣುವನ್ನು ಅದು ಹೇಗೆ ಹಿಡಿಯುತ್ತದೆ? ಶಾವಿಗೆ ಒತ್ತುವ ಒರಳನ್ನು ನೆನೆಸಿಕೊಳ್ಳಿ. ಹಿಟ್ಟನ್ನು ಒತ್ತಿದಂತೆ ಕಂಡಿಯಿಂದ ಎಳೆ ಇಳಿಯುತ್ತದೆ. ರೋಗಾಣುವಿನೊಳಗೂ ಇಂಥದೊಂದು ಒರಳಿದೆ, ಹೆಸರು ಆರ್‌ಎನ್‌ಎ ಪಾಲಿಮರೇಸ್. ವಂಶವಾಹಿಯಲ್ಲಿ ಬರೆದಿರುವುದನ್ನು ಓದಿ, ಅಕ್ಷರಕ್ಕೆ ಅಕ್ಷರ ಜೋಡಿಸಿ, ಆರ್‌ಎನ್‌ಎ ಎಂಬ ಎಳೆಯನ್ನು ಅದು ಒತ್ತುತ್ತಾ ಹೋಗುತ್ತದೆ. ಆ ಎಳೆ ಇಲ್ಲದಿದ್ದರೆ ರೋಗಾಣುವಿಗೆ ಒಂದೇ ಒಂದು ಪ್ರೋಟೀನನ್ನೂ ಮಾಡಿಕೊಳ್ಳಲು ಆಗುವುದಿಲ್ಲ. ರಿಫಾಂಪಿಸಿನ್ ಹೋಗಿ ಕೂರುವುದು ಎಳೆ ಹೊರಬರುವ ದಾರಿಯಲ್ಲಿ. ಎರಡು ಮೂರು ಅಕ್ಷರದಷ್ಟು ಎಳೆ ಬರುತ್ತದೆ, ಅಡ್ಡ ಕೂತ ಮದ್ದಿಗೆ ತಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನಮ್ಮ ಜೀವಕೋಶಗಳಲ್ಲೂ ಇದೇ ಕೆಲಸದ ಒರಳಿದೆ, ಆದರೆ ಅದರ ಕಂಡಿಯ ಆಕಾರ ಬೇರೆ, ಈ ಮದ್ದು ಅದರಲ್ಲಿ ಕೂರುವುದಿಲ್ಲ. ಅತ್ತೆಯವರ ಮೈಯಲ್ಲೆಲ್ಲಾ ಹರಿದರೂ ಅದು ಅಡ್ಡ ಹಾಕುವುದು ರೋಗಾಣುವಿಗೆ ಮಾತ್ರ.

ಈ ಮದ್ದನ್ನು ಮೊದಲು ಮಾಡಿದ್ದು ಮನುಷ್ಯರಲ್ಲ, ಮಣ್ಣಿನ ಒಂದು ಬ್ಯಾಕ್ಟೀರಿಯ. ಫ್ರಾನ್ಸಿನ ದಕ್ಷಿಣ ಕಡಲ ತೀರದಲ್ಲಿ ಸಾಂ ರಫಾಯೆಲ್ ಎಂಬ ಊರಿದೆ, ಅದರ ಬಳಿ ಪೈನ್ ಮರದ ಕಾಡು. ಆ ಕಾಡಿನ ಮಣ್ಣು 1957ರಲ್ಲಿ ಇಟಲಿಯ ಮಿಲಾನಿನಲ್ಲಿದ್ದ ಲೆಪೆಟಿಟ್ ಕಂಪನಿಯ ಪ್ರಯೋಗಾಲಯಕ್ಕೆ ಬಂತು. ಪಿಯೆರೊ ಸೆನ್ಸಿ, ಮರಿಯಾ ತೆರೆಸಾ ತಿಂಬಾಲ್ ಮತ್ತು ಅವರ ಜೊತೆಗಾರರು ಅದರಲ್ಲಿದ್ದ ಹೊಸ ಬ್ಯಾಕ್ಟೀರಿಯವೊಂದನ್ನು ಬೆಳೆಸಿ, ಅದು ಒಸರುವ ರಸ ಬೇರೆ ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಕಂಡುಕೊಂಡರು. ತಮ್ಮ ರಸಗಳಿಗೆ ಅಡ್ಡಹೆಸರಿಡುವ ರೂಢಿ ಆ ಪ್ರಯೋಗಾಲಯದಲ್ಲಿತ್ತು. ಆ ದಿನಗಳಲ್ಲಿ 'ರಿಫಿಫಿ' ಎಂಬ ಫ್ರೆಂಚ್ ಸಿನಿಮಾ ಹೆಸರು ಮಾಡಿತ್ತು, ಕಳ್ಳತನ ಹೊಡೆದಾಟದ ಕಥೆ. ಆ ಹೆಸರನ್ನೇ ಈ ರಸಕ್ಕೂ ಇಟ್ಟರು. ರಿಫಾಮೈಸಿನ್ ಬಂದದ್ದು ಅಲ್ಲಿಂದ. ಮಣ್ಣಿನ ಆ ಬ್ಯಾಕ್ಟೀರಿಯ ತನ್ನದೇ ವಿಷಕ್ಕೆ ತಾನೇ ಸಾಯದಿರುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಅದರ ಒರಳಿನ ಕಂಡಿಯೂ ಬೇರೆ ಆಕಾರದ್ದು, ತಾನು ಮಾಡಿದ ಮದ್ದು ತನಗೆ ತಾಗದಂತೆ.

ರಸವೇನೋ ಸಿಕ್ಕಿತು. ಆದರೆ ಅದರಲ್ಲಿ ಐದು ಪದಾರ್ಥಗಳು ಕಲಸಿಕೊಂಡಿದ್ದವು, ಕೆಡದೆ ಶುದ್ಧವಾಗಿ ಕೈಗೆ ಸಿಗುತ್ತಿದ್ದದ್ದು 'ಬಿ' ಎಂಬ ಒಂದೇ ಒಂದು. ವಿಚಿತ್ರವೆಂದರೆ ಆ 'ಬಿ'ಗೆ ರೋಗಾಣುವನ್ನು ಕೊಲ್ಲುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಗಮನಿಸಿದ್ದು ಇಷ್ಟು: ನೀರಿನಲ್ಲಿ ಕರಗಿಸಿ ಗಾಳಿಗೆ ಇಟ್ಟರೆ 'ಬಿ' ಹೊತ್ತು ಕಳೆದಂತೆ ಬಲವಾಗುತ್ತಿತ್ತು. ಅದು ತಾನಾಗಿ ಬೇರೆ ರೂಪಕ್ಕೆ ತಿರುಗುತ್ತಿತ್ತು. ಆ ರೂಪದಿಂದ ರಿಫಾಮೈಸಿನ್ ಎಸ್‌ವಿ ಎಂಬ ಮದ್ದನ್ನು ಮಾಡಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಅದು ಬಳಕೆಗೂ ಬಂತು. ಆದರೆ ಬಾಯಿಂದ ಕೊಟ್ಟರೆ ಮೈಗೆ ಹತ್ತುತ್ತಿರಲಿಲ್ಲ, ಸೂಜಿಯಲ್ಲೇ ಚುಚ್ಚಬೇಕು, ಚುಚ್ಚಿದರೂ ಯಕೃತ್ತು ಅದನ್ನು ಬೇಗನೆ ಪಿತ್ತಕ್ಕೆ ಎತ್ತಿ ಹಾಕಿಬಿಡುತ್ತಿತ್ತು. ತಿಂಗಳುಗಟ್ಟಲೆ ಮದ್ದು ಬೇಕಾದ ಟಿಬಿಗೆ ಅದರಿಂದೇನು ಪ್ರಯೋಜನ? ಸೆನ್ಸಿಯವರ ತಂಡ ಬಿಡಲಿಲ್ಲ. ಉಂಗುರದ ಒಂದೊಂದು ಮೂಲೆಗೂ ಒಂದೊಂದು ಹೊಸ ಬಾಲ ಅಂಟಿಸಿ ನೂರಾರು ಪದಾರ್ಥ ಮಾಡಿ ನೋಡಿದರು. 1965ರಲ್ಲಿ ಅವುಗಳಲ್ಲೊಂದು ಕೈಹಿಡಿಯಿತು. ಬಾಯಿಂದ ಕೊಟ್ಟರೆ ಮೈಗೆ ಹತ್ತುವ, ಟಿಬಿ ರೋಗಾಣುವಿನ ಮೇಣದಂಥ ಗೋಡೆಯನ್ನು ದಾಟಿ ಒಳಹೋಗುವ ಮದ್ದು. ಅದೇ ರಿಫಾಂಪಿಸಿನ್. 1968ರಲ್ಲಿ ಇಟಲಿಯ ಔಷಧಿ ಅಂಗಡಿಗೆ, 1971ರಲ್ಲಿ ಅಮೆರಿಕಕ್ಕೆ ಬಂತು.

ಅದಕ್ಕೆ ಮೊದಲು ಟಿಬಿಗೆ ಮದ್ದು ಇರಲಿಲ್ಲವೆಂದಲ್ಲ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತ್ತು, 1952ರಲ್ಲಿ ಐಸೋನಿಯಾಜಿಡ್. ಆದರೆ ಚಿಕಿತ್ಸೆ ಒಂದೂವರೆ ವರ್ಷ, ಕೆಲವರಿಗೆ ಎರಡು ವರ್ಷ. ಅದಕ್ಕೂ ಹಿಂದಿನ ಕಾಲದ ನೆನಪು ಬೇಕಿದ್ದರೆ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಇದೆ. ಟಿಬಿಯಿಂದ ತೀರಿಕೊಂಡ ಮೈಸೂರು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಸುಮಾರು ನೂರು ವರ್ಷದ ಹಿಂದೆ ಕಟ್ಟಿಸಿದ್ದು. ಆಗ ಅರಮನೆಯವರಿಗೂ ಸಿಗುತ್ತಿದ್ದದ್ದು ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಅಷ್ಟೆ. ಹೋಲಿಸಿ ನೋಡಿದರೆ ಇವತ್ತು ನಿಮ್ಮ ಅತ್ತೆಯವರ ಸೆರಗಿನ ಗಂಟಿನಲ್ಲಿದ್ದದ್ದು ಎಂಥ ಸಂಪತ್ತು ಎಂದು ತಿಳಿಯುತ್ತದೆ.

ಒಂದೂವರೆ ವರ್ಷ ಆರು ತಿಂಗಳಿಗೆ ಇಳಿದದ್ದು ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಎಂಬ ಇನ್ನೊಂದು ಮದ್ದು ಜೊತೆಗೂಡಿದ್ದರಿಂದ. 1970ರ ದಶಕದಲ್ಲಿ ವಾಲೆಸ್ ಫಾಕ್ಸ್, ಡೆನಿಸ್ ಮಿಚಿಸನ್ ಮುಂತಾದ ಬ್ರಿಟಿಷ್ ಸಂಶೋಧಕರು ಪೂರ್ವ ಆಫ್ರಿಕಾದಲ್ಲಿ ನಡೆಸಿದ ಪರೀಕ್ಷೆಗಳು ಇದನ್ನು ಗಟ್ಟಿಯಾಗಿ ತೋರಿಸಿದವು. ಆರು ತಿಂಗಳೇಕೆ, ಒಂದೇ ತಿಂಗಳು ಏಕೆ ಸಾಲದು? ಟಿಬಿ ರೋಗಾಣು ಸೋಮಾರಿ. ಹೊಟ್ಟೆಯಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯ ಇಪ್ಪತ್ತು ನಿಮಿಷಕ್ಕೆ ಎರಡಾದರೆ ಇದು ಎರಡಾಗಲು ಹೆಚ್ಚುಕಡಿಮೆ ಇಪ್ಪತ್ತು ಗಂಟೆ ಬೇಕು. ಎಲ್ಲವೂ ಒಂದೇ ಸಮನೆ ಬೆಳೆಯುವುದೂ ಇಲ್ಲ. ಚುರುಕಾಗಿ ಬೆಳೆಯುವವನ್ನು ಅದೇ ಮಾತ್ರೆಯಲ್ಲಿರುವ ಐಸೋನಿಯಾಜಿಡ್ ಮೊದಲ ಕೆಲವು ದಿನಗಳಲ್ಲೇ ಸಾಯಿಸಿಬಿಡುತ್ತದೆ. ಕೆಮ್ಮು ಜ್ವರ ಇಳಿದು ಹಸಿವು ಬರುವುದು ಆಗಲೇ. ಆದರೆ ಒಂದು ಪಾಲು ರೋಗಾಣು ಮೂಲೆಯಲ್ಲಿ ಮಲಗಿರುತ್ತದೆ. ಮಲಗಿದ್ದಕ್ಕೆ ಮದ್ದು ತಾಗದು. ಅವು ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಎಚ್ಚರಾಗಿ ಒರಳು ತಿರುಗಿಸಿ ಮತ್ತೆ ಮಲಗುತ್ತವೆ. ಆ ಸ್ವಲ್ಪ ಹೊತ್ತಿನಲ್ಲೇ ಹಿಡಿಯಬಲ್ಲ ಮದ್ದು ರಿಫಾಂಪಿಸಿನ್. ಅವು ಯಾವಾಗ ಏಳುತ್ತವೆಂದು ಯಾರಿಗೂ ತಿಳಿಯದು, ಆದ್ದರಿಂದ ಮದ್ದು ದಿನವೂ ಕಾದಿರಬೇಕು. ಇದೇ ಮಾತ್ರೆಗಳನ್ನು ನಾಲ್ಕು ತಿಂಗಳಿಗೆ ನಿಲ್ಲಿಸಿ ನೋಡಿದ ಪರೀಕ್ಷೆಗಳೂ ನಡೆದಿವೆ. ಹಾಗೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿದವರ ಸಂಖ್ಯೆ ಹೆಚ್ಚಿತ್ತು.

ನನ್ನ ಸೋದರಮಾವ ಹೀಗೇ ಮಾಡಿದರು. ಎರಡನೇ ತಿಂಗಳಿಗೆ ಮೈ ತುಂಬಿಕೊಂಡಿತು, ಗದ್ದೆಗೆ ಹೋಗತೊಡಗಿದರು, ಮಾತ್ರೆ ಡಬ್ಬಿ ದೇವರ ಗೂಡಿನ ಪಕ್ಕದಲ್ಲೇ ಉಳಿಯಿತು. ಮರುವರ್ಷ ಸುಗ್ಗಿಯಲ್ಲಿ ಕೆಮ್ಮು ತಿರುಗಿ ಬಂತು. ಆಗ ಮೊದಲಿನ ಮಾತ್ರೆ ನಾಟಲಿಲ್ಲ. ಎರಡು ವರ್ಷ ಬೇರೆ ಮಾತ್ರೆ, ದಿನಾ ಸೂಜಿ, ಸೂಜಿಯಿಂದ ಒಂದು ಕಿವಿ ಮಂದವಾಯಿತು. ಅವರು ಬದುಕಿದರು. ಆ ಎರಡು ವರ್ಷ ನಮ್ಮತ್ತೆ ಅವರ ಪಕ್ಕದಲ್ಲಿ ಕೂತು ವಾಂತಿಯ ಬೋಗುಣಿ ಹಿಡಿದದ್ದನ್ನು ನಾನು ನೋಡಿದ್ದೇನೆ. ನಿಮ್ಮ ಪತ್ರ ಓದಿದಾಗ ನೆನಪಾದದ್ದು ಆ ಬೋಗುಣಿ.

ಮೊದಲಿನ ಮಾತ್ರೆ ಯಾಕೆ ನಾಟಲಿಲ್ಲ? ಟಿಬಿ ರೋಗಾಣುವಿನ ವಂಶವಾಹಿಯಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ. ಅದರಲ್ಲಿ ಬರೀ 81 ಅಕ್ಷರಗಳ ಒಂದು ತುಣುಕು, ರಿಫಾಂಪಿಸಿನ್ ಕೂರುವ ಕಂಡಿಯ ಆಕಾರವನ್ನು ಬರೆದಿಟ್ಟಿರುವುದು. ಅಲ್ಲಿ ಒಂದು ಅಕ್ಷರ ತಪ್ಪಿದರೂ ಸಾಕು, ಕಂಡಿ ಚೂರು ಓರೆಯಾಗುತ್ತದೆ, ಮದ್ದು ಕೂರುವುದಿಲ್ಲ. ರಿಫಾಂಪಿಸಿನ್ನಿಗೆ ಬಗ್ಗದ ಟಿಬಿಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಈ ತುಣುಕಿನ ತಪ್ಪಿನಿಂದಲೇ. ಸುಮಾರು ಹತ್ತು ಕೋಟಿ ರೋಗಾಣುವಿಗೆ ಒಂದರಲ್ಲಿ ಈ ತಪ್ಪು ತಾನಾಗಿ ಆಗುತ್ತದೆ. ಎದೆಯಲ್ಲಿ ಗುಳಿಬಿದ್ದ ರೋಗಿಯಲ್ಲಿ ಅಷ್ಟು ರೋಗಾಣು ಇರುತ್ತವೆ. ಅಂದರೆ ಚಿಕಿತ್ಸೆ ಶುರುವಾಗುವ ಮೊದಲೇ ಅಂಥದೊಂದು ಒಳಗೆ ಕೂತಿರಬಹುದು. ಐಸೋನಿಯಾಜಿಡ್ಡಿಗೆ ಬಗ್ಗದ್ದು ಹತ್ತು ಲಕ್ಷಕ್ಕೆ ಒಂದು. ಎರಡಕ್ಕೂ ಬಗ್ಗದ ರೋಗಾಣು ತಾನಾಗಿ ಹುಟ್ಟಬೇಕಾದರೆ ಈ ಎರಡು ಅಂಕಿಯನ್ನು ಗುಣಿಸಬೇಕು. ಅಷ್ಟು ರೋಗಾಣು ಯಾರ ಎದೆಯಲ್ಲೂ ಇರುವುದಿಲ್ಲ. ನಾಲ್ಕು ಮದ್ದನ್ನು ಒಂದೇ ಮಾತ್ರೆಯಲ್ಲಿ ಕಟ್ಟಿರುವುದು ಈ ಲೆಕ್ಕದ ಮೇಲೆ. ಬಿಟ್ಟು ಬಿಟ್ಟು ನುಂಗಿದರೆ ಲೆಕ್ಕ ಮುರಿಯುತ್ತದೆ. ಬಲಹೀನವಾದವು ಸತ್ತು, ಓರೆ ಕಂಡಿಯವು ಉಳಿದು ಬೆಳೆಯುತ್ತವೆ, ಕೆಮ್ಮಿದಾಗ ಮನೆಯವರಿಗೂ ಅವೇ ದಾಟುತ್ತವೆ. ಅಂಥ ಟಿಬಿಗೆ ಈಗ ಬೆಡಾಕ್ವಿಲಿನ್ ಮುಂತಾದ ಹೊಸ ಮಾತ್ರೆಗಳಿವೆ, ಸೂಜಿಯ ಕಾಟ ತಪ್ಪಿದೆ. ಆದರೂ ರಿಫಾಂಪಿಸಿನ್ನಿನಷ್ಟು ಅಗ್ಗವಾದ, ಐವತ್ತು ವರ್ಷ ಎಲ್ಲ ವಯಸ್ಸಿನವರಲ್ಲೂ ಬಳಸಿ ಪಳಗಿದ ಮದ್ದು ನಮ್ಮ ಕೈಯಲ್ಲಿ ಇನ್ನೊಂದಿಲ್ಲ. ಅದನ್ನು ಕಳೆದುಕೊಳ್ಳುವುದು ಒಬ್ಬ ರೋಗಿಯ ನಷ್ಟ ಮಾತ್ರವಲ್ಲ.

ಅತ್ತೆಯವರ ಕಫವನ್ನು ಪರೀಕ್ಷಿಸಿದಾಗ ಯಂತ್ರ ಹುಡುಕಿದ್ದು ಬಹುಶಃ ಇದೇ 81 ಅಕ್ಷರಗಳನ್ನು. ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರ ಎರಡು ಗಂಟೆಯಲ್ಲಿ ಟಿಬಿ ಇದೆಯೇ, ಇದ್ದರೆ ರಿಫಾಂಪಿಸಿನ್ನಿಗೆ ಬಗ್ಗುತ್ತದೆಯೇ ಎಂದು ಹೇಳುತ್ತದೆ. ಹಳೆಯ ಪದ್ಧತಿಯಲ್ಲಿ ರೋಗಾಣು ಬೆಳೆಸಿ ನೋಡಲು ವಾರಗಟ್ಟಲೆ ಕಾಯಬೇಕಿತ್ತು. ಇದೇ ಕೆಲಸವನ್ನು ಬ್ಯಾಟರಿಯ ಮೇಲೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮಾಡಬಲ್ಲ ಟ್ರೂನಾಟ್ ಎಂಬ ಪುಟ್ಟ ಯಂತ್ರವನ್ನು ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅತ್ತೆಯವರ ಚೀಟಿಯಲ್ಲಿ ರಿಫಾಂಪಿಸಿನ್ನಿನ ಫಲಿತಾಂಶ ಏನು ಬರೆದಿದೆ ಎಂದು ಒಮ್ಮೆ ಕೇಳಿ ನೋಡಿ, ಅದು ನಿಮಗೆ ತಿಳಿದಿರಬೇಕಾದ ವಿಷಯ.

ನೀವು ತುಮಕೂರು ಜಿಲ್ಲೆಯವರಾದ್ದರಿಂದ ಒಂದು ಮಾತು ಹೇಳದಿರಲಾರೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ಮೊದಲ ದೊಡ್ಡ ಸಮೀಕ್ಷೆಗಳು ನಡೆದದ್ದು ನಿಮ್ಮ ಜಿಲ್ಲೆಯ ಹಳ್ಳಿಗಳಲ್ಲಿ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ರೋಗಿಗಳ ಮನೆಗೇ ಹೋಗಿ ವಿಚಾರಿಸಿ 1963ರಲ್ಲಿ ಬರೆದದ್ದು ಅದಕ್ಕೆ ತದ್ವಿರುದ್ಧ. ಹೆಚ್ಚುಕಡಿಮೆ ಎಲ್ಲ ರೋಗಿಗಳಿಗೂ ತಮ್ಮ ಮೈಯಲ್ಲಿ ಏನೋ ಆಗಿದೆಯೆಂದು ಗೊತ್ತಿತ್ತು, ಅರ್ಧಕ್ಕೂ ಹೆಚ್ಚು ಜನ ಸರ್ಕಾರಿ ಆಸ್ಪತ್ರೆಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ರೋಗಿ ಬೇಜವಾಬ್ದಾರಿ ಎಂದು ಯಾರಾದರೂ ಅಂದಾಗ ನನಗೆ ಈ ತುಮಕೂರಿನ ಕೆಲಸ ನೆನಪಾಗುತ್ತದೆ. ಅತ್ತೆಯವರು ಮಾತ್ರೆ ಮುಚ್ಚಿಟ್ಟದ್ದು ಅವರ ತಪ್ಪಲ್ಲ. ಮೂತ್ರ ಕೆಂಪಾಗುತ್ತದೆ ಎಂದು ಮೊದಲ ಮಾತ್ರೆಗೆ ಮುಂಚೆಯೇ ಯಾರಾದರೂ ಒಂದು ಮಾತು ಹೇಳಬೇಕಿತ್ತು.

ಕುಷ್ಠರೋಗದ ಕಥೆಯನ್ನೂ ಬದಲಿಸಿದ್ದು ಇದೇ ರಿಫಾಂಪಿಸಿನ್. ಕುಷ್ಠದ ರೋಗಾಣು ಟಿಬಿ ರೋಗಾಣುವಿನ ದಾಯಾದಿ. ಬರೀ ಡ್ಯಾಪ್ಸೋನ್ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗಿ, ಕೊನೆಗೆ ಅದೂ ನಾಟದೆ ಹೋಗುತ್ತಿದ್ದ ಕಾಲದಲ್ಲಿ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಮದ್ದುಗಳ ಜೋಡಿ ಚಿಕಿತ್ಸೆ ಸೂಚಿಸಿತು. ಅದರ ಬೆನ್ನೆಲುಬು ತಿಂಗಳಿಗೊಮ್ಮೆ, ಆರೋಗ್ಯ ಕಾರ್ಯಕರ್ತರ ಎದುರಿಗೇ ನುಂಗುವ 600 ಮಿಲಿಗ್ರಾಂ ರಿಫಾಂಪಿಸಿನ್. ಮೊದಲ ಒಂದು ಪಾಲಿನಲ್ಲೇ ಕೆಲವೇ ದಿನಗಳಲ್ಲಿ ರೋಗಾಣುಗಳ ಬಹುಪಾಲು ಸತ್ತು, ರೋಗಿಯಿಂದ ಇನ್ನೊಬ್ಬರಿಗೆ ಹರಡುವ ಭಯ ಹೋಗುತ್ತದೆ. ಇದು ತಿಳಿದ ಮೇಲೂ ಕುಷ್ಠ ಬಂದವರನ್ನು ಊರ ಹೊರಗೆ, ಬೇರೆ ತಟ್ಟೆ ಲೋಟದಲ್ಲಿ ಇಡುವುದಕ್ಕೆ ಏನು ಕಾರಣ ಉಳಿದಿದೆ?

ಸಕ್ಕರೆ ಕಾಯಿಲೆಯ ಮಾತು ಮರೆತಿಲ್ಲ, ಇದು ಮುಖ್ಯ. ರಿಫಾಂಪಿಸಿನ್ ಯಕೃತ್ತನ್ನು ಬಡಿದೆಬ್ಬಿಸುತ್ತದೆ. ಹಾಗೆ ಎದ್ದ ಯಕೃತ್ತು ಬೇರೆ ಔಷಧಿಗಳನ್ನೂ ಎಂದಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಮಾತ್ರೆಗಳ ಬಲ ಇದರಿಂದ ಕಡಿಮೆಯಾಗುತ್ತದೆ. ಮೊದಲ ವಾರಗಳಲ್ಲಿ ಅತ್ತೆಯವರ ಸಕ್ಕರೆಯನ್ನು ಮತ್ತೆ ಮತ್ತೆ ನೋಡಿಸಿ, ವೈದ್ಯರು ಪ್ರಮಾಣ ಬದಲಿಸಬಹುದು, ಇನ್ಸುಲಿನ್‌ಗೂ ಹೋಗಬಹುದು. ಆರು ತಿಂಗಳು ಮುಗಿದು ಟಿಬಿ ಮಾತ್ರೆ ನಿಂತಾಗಲೂ ನೋಡಿಸಿ, ಆಗ ಸಕ್ಕರೆ ತೀರ ಇಳಿಯುವ ಭಯವಿರುತ್ತದೆ. ಗರ್ಭ ತಡೆಯುವ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಎಚ್‌ಐವಿಯ ಕೆಲವು ಮಾತ್ರೆಗಳಿಗೂ ಇದೇ ಗತಿ. ಯಾವ ಮಾತ್ರೆ ನುಂಗುತ್ತಿದ್ದರೂ ವೈದ್ಯರಿಗೆ ಹೇಳಬೇಕು. ಟಿಬಿ ಮಾತ್ರೆಯನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗಿಸಿ, ಊಟದ ಜೊತೆ ಕೊಟ್ಟರೆ ಮೈಗೆ ಹತ್ತುವುದು ಕಡಿಮೆ. ಎದೆಯುರಿ ಎಂದು ಅದರ ಜೊತೆಯಲ್ಲೇ ಆಂಟಾಸಿಡ್ ಕುಡಿಸಬೇಡಿ. ಬರಿ ಹೊಟ್ಟೆಗೆ ತೀರ ವಾಕರಿಕೆ ಬಂದರೆ ಏನು ಮಾಡಬೇಕೆಂದು ಆರೋಗ್ಯ ಕೇಂದ್ರದಲ್ಲೇ ಕೇಳಿ.

ರಿಫಾಂಪಿಸಿನ್ನಿನ ಮನೆತನದಲ್ಲಿ ಇನ್ನೂ ಕೆಲವು ಮದ್ದುಗಳಿವೆ. ರಿಫಾಬ್ಯುಟಿನ್ ಯಕೃತ್ತನ್ನು ಇಷ್ಟು ಕೆಣಕುವುದಿಲ್ಲ, ಎಚ್‌ಐವಿ ಮಾತ್ರೆ ನುಂಗುವವರಿಗೆ ಅನುಕೂಲ. ರಿಫಾಕ್ಸಿಮಿನ್ ಕರುಳು ಬಿಟ್ಟು ಆಚೆ ಹೋಗುವುದೇ ಇಲ್ಲ, ಅದು ಬೇರೆ ರೋಗಗಳಿಗೆ. ರಿಫಾಪೆಂಟಿನ್ ಮಾತ್ರ ನಿಮ್ಮ ಮನೆಗೆ ಸಂಬಂಧಪಟ್ಟದ್ದು. ಅದು ಮೈಯಲ್ಲಿ ರಿಫಾಂಪಿಸಿನ್ನಿಗಿಂತ ತುಂಬಾ ಹೆಚ್ಚು ಹೊತ್ತು ಉಳಿಯುತ್ತದೆ. ಅದನ್ನು ಬೇರೆ ಮದ್ದುಗಳ ಜೊತೆ ದಿನವೂ ಕೊಟ್ಟು ಟಿಬಿ ಚಿಕಿತ್ಸೆಯನ್ನು ನಾಲ್ಕು ತಿಂಗಳಲ್ಲಿ ಮುಗಿಸಬಹುದೆಂದು 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಆದರೆ ಅತ್ತೆಯವರಿಗೆ ಬರೆದುಕೊಟ್ಟಿರುವುದು ಆರು ತಿಂಗಳದ್ದು, ಅವರು ಅದನ್ನೇ ಮುಗಿಸಬೇಕು. ರೋಗಿಯ ಮನೆಯವರಿಗೆ, ಒಳಗೆ ಮಲಗಿರಬಹುದಾದ ರೋಗಾಣುವನ್ನು ರೋಗವಾಗುವ ಮೊದಲೇ ತೆಗೆಯಲು, ಐಸೋನಿಯಾಜಿಡ್ ಜೊತೆ ವಾರಕ್ಕೊಮ್ಮೆ, ಹನ್ನೆರಡು ವಾರ ರಿಫಾಪೆಂಟಿನ್ ಕೊಡುವ ಪದ್ಧತಿ ಈಗ ನಮ್ಮಲ್ಲಿದೆ. ಪುಟ್ಟ ಮಕ್ಕಳಿಗೆ ಕೊಡುವುದು ಬೇರೆ, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಅತ್ತೆಯವರ ಮುಂದಿನ ತಪಾಸಣೆಗೆ ಹೋಗುವಾಗ ನೀವು, ನಿಮ್ಮ ಯಜಮಾನರು, ಮನೆಯಲ್ಲಿ ಮಕ್ಕಳಿದ್ದರೆ ಅವರೂ ಜೊತೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ನಿಮಗೂ ಆ ವಾರದ ಮಾತ್ರೆ ಕೊಟ್ಟರೆ, ನುಂಗಿದ ದಿನ ನಿಮ್ಮ ಮೂತ್ರವೂ ಇದೇ ಓಕುಳಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಅತ್ತೆಯವರಿಗೆ ಹೇಳಿ.